ಓದುಗರ ಪ್ರಶ್ನೆ: ನಕ್ಷತ್ರದ ಬಿಸಿ ಕಂಪ್ಯೂಟರಿಗೆ ಹೇಗೆ ಗೊತ್ತಾಗುತ್ತದೆ?

ಹೋದ ತಿಂಗಳ ಅಂಕಣದ ಕೊನೆಯಲ್ಲಿ ಒಂದು ಸಾಲು ಬರೆದಿದ್ದೆ. ಡೀಪ್ ಲರ್ನಿಂಗ್ ಎಂಬ ವಿಧಾನದಿಂದ ಈಗ ಲಕ್ಷಗಟ್ಟಲೆ ನಕ್ಷತ್ರಗಳ ಬಿಸಿಯನ್ನು ಕಂಪ್ಯೂಟರ್ ಬೇಗ ಹೇಳಿಬಿಡುತ್ತದೆ ಎಂದು. ಅದೊಂದೇ ಸಾಲಿಗೆ ಇಷ್ಟೊಂದು ಕಾಗದ ಬರುತ್ತವೆ ಎಂದುಕೊಂಡಿರಲಿಲ್ಲ. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟು ಇದನ್ನೇ ತೆಗೆದುಕೊಂಡಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ಹಾಸನದಲ್ಲಿ 27 ವರ್ಷ ಪಿಯು ಮಕ್ಕಳಿಗೆ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತಳಾದವಳು. ಹುಟ್ಟಿ ಬೆಳೆದದ್ದು ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಹತ್ತಿರ.

ಪ್ರಶ್ನೆ: ಮೇಡಂ, ನಾವು ಕಾಫಿ ಬೆಳೆಯೋರು. ಕಣದಲ್ಲಿ ಹರಡಿದ ಕಾಫಿ ಒಣಗಿದೆಯೋ ಇಲ್ಲವೋ ಅಂತ ಮುಟ್ಟಿ ನೋಡದೆ ನಮಗೆ ಹೇಳಕ್ಕಾಗಲ್ಲ. ನಕ್ಷತ್ರವನ್ನ ಯಾರೂ ಮುಟ್ಟಿಲ್ಲ. ಮತ್ತೆ ಅದರ ಬಿಸಿ ಇಷ್ಟೇ ಅಂತ ಕಂಪ್ಯೂಟರ್ ಹೇಗೆ ಹೇಳುತ್ತೆ?
(ಬೆಳೆಗಾರರು, ಮೂಡಿಗೆರೆ)

ನಿಮ್ಮ ಕಾಗದ ಓದಿ ಅಪ್ಪನ ನೆನಪಾಯಿತು. ನಮಗೆ ಮೂರೆಕರೆ ತೋಟ ಇತ್ತು. ಜನವರಿಯ ಸಂಜೆ ಅಪ್ಪ ಕಣದ ಮೂಲೆಯಿಂದ ಒಂದು ಪಾರ್ಚ್‌ಮೆಂಟ್ ಕಾಳು, ಅಂದರೆ ಹಣ್ಣಿನ ತಿರುಳು ತೆಗೆದು ತೊಳೆದ ಕಾಳು, ಎತ್ತುತ್ತಿದ್ದರು. ಉಗುರಲ್ಲಿ ಸಿಪ್ಪೆ ಬಿಡಿಸಿ, ದವಡೆ ಹಲ್ಲಿನ ನಡುವೆ ಇಟ್ಟು ಮೆಲ್ಲಗೆ ಒತ್ತುತ್ತಿದ್ದರು. ಹಲ್ಲಿನ ಗುರುತು ಬಿದ್ದರೆ "ಇನ್ನೊಂದು ಬಿಸಿಲು ಬೇಕು" ಅನ್ನುತ್ತಿದ್ದರು. ಇಷ್ಟೇ. ಆ ಹಲ್ಲಿನ ವಿಷಯಕ್ಕೆ ಮತ್ತೆ ಬರುತ್ತೇನೆ. ಮೊದಲು ಬೆಳಕಿನ ವಿಷಯ.

ಕಮ್ಮಾರನ ಕುಲುಮೆಯಲ್ಲಿ ಕತ್ತಿ ಕಾಯುವುದನ್ನು ನೋಡಿರುತ್ತೀರಿ. ಮೊದಲು ಮಂಕು ಕೆಂಪು, ಆಮೇಲೆ ಕಿತ್ತಳೆ, ಇನ್ನೂ ಕಾದರೆ ಹಳದಿ. ಮುಟ್ಟದೇನೇ ಎಷ್ಟು ಕಾದಿದೆ ಎಂದು ಕಮ್ಮಾರ ಹೇಳುತ್ತಾನೆ, ಅಲ್ವಾ? ನಕ್ಷತ್ರಗಳದ್ದೂ ಇದೇ ಕತೆ. ಕೆಂಪಗೆ ಕಾಣುವ ಆರಿದ್ರಾ ನಕ್ಷತ್ರದ ಮೇಲ್ಮೈ ಸುಮಾರು 3,500 ಕೆಲ್ವಿನ್. ನಮ್ಮ ಸೂರ್ಯ 5,772 ಕೆಲ್ವಿನ್. ಬೆಳ್ಳಗೆ ಹೊಳೆಯುವ ಲುಬ್ಧಕ ಸುಮಾರು 9,900 ಕೆಲ್ವಿನ್. ಕೆಲ್ವಿನ್ ಲೆಕ್ಕದಿಂದ 273 ಕಳೆದರೆ ನಮಗೆ ಗೊತ್ತಿರುವ ಡಿಗ್ರಿ ಸೆಲ್ಸಿಯಸ್ ಸಿಗುತ್ತದೆ.

ಆದರೆ ಬರೀ ಬಣ್ಣ ನಂಬಿದರೆ ಮೋಸ ಹೋಗುತ್ತೇವೆ. ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದ ದಿನ ಹೊಗೆಯ ಹಿಂದೆ ಸೂರ್ಯ ಕೆಂಪಗೆ ಕಾಣುತ್ತಾನೆ. ಅವನೇನೂ ತಣ್ಣಗಾಗಿರುವುದಿಲ್ಲ. ನಕ್ಷತ್ರಗಳಿಗೂ ನಮಗೂ ನಡುವೆ ಅಂಥದ್ದೇ ದೂಳು ಇದೆ. ಅದಕ್ಕೇ ಬೆಳಕನ್ನು ಬಿಡಿಸಿ ನೋಡುತ್ತಾರೆ. ಬಿಡಿಸಿದ ಬಣ್ಣದ ಪಟ್ಟಿಗೆ ವರ್ಣಪಟಲ ಎಂದು ಹೆಸರು. ಆ ಪಟ್ಟಿಯಲ್ಲಿ ಅಲ್ಲಲ್ಲಿ ಕಪ್ಪು ಗೆರೆಗಳಿರುತ್ತವೆ. ಕಬ್ಬಿಣಕ್ಕೆ ಅದರದೇ ಗೆರೆಗಳು, ಕ್ಯಾಲ್ಸಿಯಂಗೆ ಅದರದೇ, ಹೈಡ್ರೋಜನ್‌ಗೆ ಅದರದೇ. ಯಾವ ಬಿಸಿಯಲ್ಲಿ ಯಾವ ಗೆರೆ ದಪ್ಪವಾಗುತ್ತದೆ, ಯಾವುದು ಮಾಯವಾಗುತ್ತದೆ ಎಂದು ಲೆಕ್ಕ ಹಾಕುವ ಸೂತ್ರವನ್ನು 1920ರಲ್ಲಿ ಕೊಟ್ಟವರು ನಮ್ಮ ಮೇಘನಾದ ಸಹಾ. ಆ ಸೂತ್ರ ಹಿಡಿದು 1925ರಲ್ಲಿ ಸಿಸಿಲಿಯಾ ಪೇನ್ ಎಂಬ ಹುಡುಗಿ ತನ್ನ ಪಿಎಚ್‌ಡಿ ಪ್ರಬಂಧದಲ್ಲಿ ನಕ್ಷತ್ರಗಳಲ್ಲಿ ಅತಿ ಜಾಸ್ತಿ ಇರುವುದು ಹೈಡ್ರೋಜನ್ ಎಂದು ತೋರಿಸಿಕೊಟ್ಟಳು. ಆಗ ಅವಳಿಗೆ 25 ವರ್ಷ. ದೊಡ್ಡವರು ನಂಬಲಿಲ್ಲ, ಕೆಲವು ವರ್ಷದ ಮೇಲೆ ಒಪ್ಪಿಕೊಂಡರು. ಪ್ರತಿ ವರ್ಷ ಇದನ್ನು ಪಾಠ ಮಾಡುವಾಗಲೂ ನನಗೆ ಮೈ ಜುಮ್ಮೆನ್ನುತ್ತಿತ್ತು.

ಗೆರೆಗಳಿಂದ ಮುಖ್ಯವಾಗಿ ಮೂರು ವಿಷಯ ತಿಳಿಯುತ್ತವೆ. ಒಂದು ಬಿಸಿ. ಎರಡು, ಮೇಲ್ಮೈಯಲ್ಲಿ ಗುರುತ್ವದ ಸೆಳೆತ ಎಷ್ಟು ಎನ್ನುವುದು. ನಿಮ್ಮ 50 ಕೆಜಿ ಕಾಫಿ ಮೂಟೆಯನ್ನು ಸೂರ್ಯನ ಮೇಲ್ಮೈಯಲ್ಲಿ ಇಡಲಿಕ್ಕಾದರೆ ಅದು ಇಲ್ಲಿಯ 1,400 ಕೆಜಿಯಷ್ಟು ಭಾರ ಎನಿಸುತ್ತದೆ. ಅದೇ ಮೂಟೆ ಸ್ವಾತಿ ನಕ್ಷತ್ರದ ಮೇಲೆ ಎರಡೂಕಾಲು ಕೆಜಿಯ ಆಸುಪಾಸು. ಸ್ವಾತಿ ಉಬ್ಬಿದ ದೈತ್ಯ, ಸೂರ್ಯನ 25 ಪಟ್ಟು ಅಗಲ. ಅದರ ಮೇಲಿನ ಅನಿಲ ತೆಳ್ಳಗೆ ಹರಡಿಕೊಂಡಿದೆ. ಸೆಳೆತ ಜಾಸ್ತಿ ಇರುವ ಕಡೆ ಅನಿಲ ಒತ್ತೊತ್ತಾಗಿ, ಪರಮಾಣುಗಳು ಒಂದಕ್ಕೊಂದು ತಾಗಿ, ಕೆಲವು ಗೆರೆಗಳು ಅಗಲವಾಗುತ್ತವೆ. ಹಾಗಾಗಿ ಗೆರೆಯ ಅಗಲ ನೋಡಿ ನಕ್ಷತ್ರ ದೈತ್ಯನೋ ಕುಳ್ಳನೋ ಎನ್ನಬಹುದು. ಮೂರನೆಯದು ಲೋಹದ ಅಂಶ. ಖಗೋಳದವರು ಹೈಡ್ರೋಜನ್ ಮತ್ತು ಹೀಲಿಯಂ ಬಿಟ್ಟು ಉಳಿದದ್ದನ್ನೆಲ್ಲ ಲೋಹ ಎಂದೇ ಕರೆಯುತ್ತಾರೆ, ಆಮ್ಲಜನಕವನ್ನೂ ಸೇರಿಸಿ.

ಕಷ್ಟ ಏನೆಂದರೆ ಈ ಮೂರೂ ಒಂದರೊಳಗೊಂದು ಬೆರೆತಿರುತ್ತವೆ. ಕಬ್ಬಿಣದ ಗೆರೆ ದಪ್ಪಗಿದೆ ಅನ್ನಿ. ಕಬ್ಬಿಣ ಜಾಸ್ತಿ ಇದ್ದರೂ ಹಾಗಾಗುತ್ತದೆ, ನಕ್ಷತ್ರ ತಣ್ಣಗಿದ್ದರೂ ಹಾಗಾಗುತ್ತದೆ. ಒಂದೇ ಗೆರೆ ನೋಡಿದರೆ ಗೊತ್ತಾಗುವುದಿಲ್ಲ. ನೂರಾರು ಗೆರೆಗಳನ್ನು ಒಟ್ಟಿಗೆ ನೋಡಬೇಕು. ಹಳೆಯ ವಿಧಾನದಲ್ಲಿ ಕಂಪ್ಯೂಟರಿನೊಳಗೆ ಲೆಕ್ಕದ ನಕ್ಷತ್ರಗಳನ್ನು ಕಟ್ಟಿ, ಅವುಗಳ ಪಟ್ಟಿಯನ್ನು ನಿಜವಾದದ್ದರ ಪಕ್ಕ ಇಟ್ಟು, ಹೊಂದುವ ತನಕ ತಿದ್ದುತ್ತಿದ್ದರು. ಚೆನ್ನಾಗಿರುವ ವಿಧಾನವೇ. ಆದರೆ ನಿಧಾನ.

ಇಲ್ಲಿ ಅಪ್ಪನ ಹಲ್ಲು ಬರುತ್ತದೆ. ಅಪ್ಪನಿಗೆ ತೇವಾಂಶದ ಸೂತ್ರ ಯಾರೂ ಹೇಳಿಕೊಟ್ಟಿರಲಿಲ್ಲ. ಸಾವಿರಾರು ಕಾಳು ಕಚ್ಚಿದ್ದರು. ಪ್ರತಿ ಸಲ ಮಾರಾಟದ ಹೊತ್ತಿಗೆ ತೇವ ಎಷ್ಟಿತ್ತು ಅಂತ ಗೊತ್ತಾಗುತ್ತಿತ್ತು. ಕಚ್ಚಿದಾಗಿನ ಅನುಭವ ಒಂದು ಕಡೆ, ನಿಜವಾದ ಲೆಕ್ಕ ಇನ್ನೊಂದು ಕಡೆ, ಎರಡೂ ವರ್ಷಗಟ್ಟಲೆ ಕೂಡುತ್ತಾ ಹೋಗಿ ಹಲ್ಲಿಗೆ ಬುದ್ಧಿ ಬಂದಿತ್ತು. ಡೀಪ್ ಲರ್ನಿಂಗ್ ಮಾಡುವುದು ಇದನ್ನೇ. ಮೊದಲೇ ಅಳೆದು ಇಟ್ಟಿರುವ ನಕ್ಷತ್ರಗಳ ವರ್ಣಪಟಲ ತೋರಿಸಿ, "ಇದು 4,300, ಇದು 5,100" ಎಂದು ಹೇಳುತ್ತಾ ಹೋಗುತ್ತಾರೆ. ಕಂಪ್ಯೂಟರ್ ಮೊದಮೊದಲು ಬಾಯಿಗೆ ಬಂದದ್ದು ಹೇಳುತ್ತದೆ. ತಪ್ಪಿದಾಗೆಲ್ಲ ಒಳಗಿನ ಲಕ್ಷಾಂತರ ತಿರುಪುಗಳನ್ನು ಒಂದೊಂದು ಎಳೆಯಷ್ಟು ತಿದ್ದಿಕೊಳ್ಳುತ್ತದೆ. ಈ ತಿರುಪುಗಳ ಜಾಲಕ್ಕೇ ನ್ಯೂರಲ್ ನೆಟ್‌ವರ್ಕ್ ಎಂದು ಹೆಸರು. ಕೊನೆಗೆ ಅಳೆಯದ ನಕ್ಷತ್ರ ತೋರಿಸಿದರೂ ಹೇಳುತ್ತದೆ.

ಪ್ರಶ್ನೆ: ಮೇಡಂ, ನಾನು ಹಾಸನದಲ್ಲಿ ಬಿಎಸ್ಸಿ ಎರಡನೇ ವರ್ಷ. ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೆ ಸ್ವಲ್ಪ ಬರುತ್ತೆ. ಇಂಥ ನೆಟ್‌ವರ್ಕ್‌ನ ನನ್ನ ಲ್ಯಾಪ್‌ಟಾಪ್‌ನಲ್ಲಿ ಮಾಡಬಹುದಾ? ಒಳಗೆ ಅದು ನಿಜವಾಗಿ ಏನು ನೋಡುತ್ತೆ?
(ವಿದ್ಯಾರ್ಥಿನಿ, ಹಾಸನ)

ಖಂಡಿತ ಮಾಡಬಹುದು ಮಗೂ. ನಾನೇ ಮಾಡಿದ್ದೇನೆ. ಹೋದ ವರ್ಷ ಆಷಾಢದಲ್ಲಿ, ಮಳೆ ಬಿಡದೆ ಹೊಯ್ಯುತ್ತಿದ್ದ ಎರಡು ವಾರ, ಊಟದ ಮೇಜಿನ ಮೇಲೆ ಕೂತು ಮಾಡಿದೆ. ನನ್ನದು ಆರು ವರ್ಷದ ಹಳೆ ಲ್ಯಾಪ್‌ಟಾಪ್.

ಅಮೆರಿಕದ ಸ್ಲೋನ್ ಆಕಾಶ ಸಮೀಕ್ಷೆಯವರ ಅಪೋಜೀ ಎಂಬ ಯೋಜನೆ ಇದೆ. ಆರೂವರೆ ಲಕ್ಷಕ್ಕೂ ಜಾಸ್ತಿ ನಕ್ಷತ್ರಗಳ ಅವಗೆಂಪು ವರ್ಣಪಟಲಗಳನ್ನು 2021ರ ಡಿಸೆಂಬರಿನಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ದುಡ್ಡು ಕೊಡಬೇಕಿಲ್ಲ, ಯಾರ ಶಿಫಾರಸೂ ಬೇಡ. ಒಂದು ನಕ್ಷತ್ರ ಅಂದರೆ 8,575 ಅಂಕಿಗಳ ಒಂದು ಸಾಲು, ಅಷ್ಟೇ. ಪ್ರತಿ ಅಂಕಿಯೂ ಒಂದೊಂದು ತರಂಗದೂರದಲ್ಲಿ, ಅಂದರೆ ಪಟ್ಟಿಯ ಒಂದೊಂದು ಜಾಗದಲ್ಲಿ, ಬೆಳಕು ಎಷ್ಟಿದೆ ಎಂದು ಹೇಳುತ್ತದೆ. ಗೆರೆ ಇರುವ ಕಡೆ ಅಂಕಿ ತಗ್ಗುತ್ತದೆ. ಗ್ರಾಫ್ ಹಾಕಿ ನೋಡು, ಮಲೆನಾಡಿನ ರಸ್ತೆಯ ಹಾಗೆ ಬರೀ ಗುಂಡಿ.

ಕೆನಡಾದ ವಿಕ್ಟೋರಿಯಾದವರು 2018ರಲ್ಲಿ ಸ್ಟಾರ್‌ನೆಟ್ ಎಂಬುದನ್ನು ಪ್ರಕಟಿಸಿದರು. ಇದೇ ಅಪೋಜೀ ವರ್ಣಪಟಲಗಳನ್ನು ಕೊಟ್ಟು ಬಿಸಿ, ಗುರುತ್ವ, ಲೋಹಾಂಶ ಮೂರನ್ನೂ ಒಟ್ಟಿಗೆ ಹೇಳಿಸಿದರು. ಅದರ ರಚನೆ ಕಲಿಯುವವರಿಗೆ ಸುಲಭ. ಮೊದಲು ಎರಡು ಕನ್ವಲ್ಯೂಷನ್ ಪದರ. ಅದನ್ನು ಹೀಗೆ ಯೋಚಿಸು: ಒಂದು ರಟ್ಟಿನಲ್ಲಿ ಎಂಟು ಅಂಕಿ ಕಾಣುವಷ್ಟು ಕಿಂಡಿ ಕೊರೆದು ಸಾಲಿನ ಮೇಲೆ ಎಡದಿಂದ ಬಲಕ್ಕೆ ಜಾರಿಸುತ್ತಾ ಹೋಗುವುದು. ಒಂದು ಕಿಂಡಿ ಚೂಪು ಗುಂಡಿ ಕಂಡರೆ ಕೂಗುತ್ತದೆ. ಇನ್ನೊಂದು ಅಗಲ ತಗ್ಗು ಕಂಡರೆ ಕೂಗುತ್ತದೆ. ಯಾವ ಕಿಂಡಿ ಯಾವುದಕ್ಕೆ ಕೂಗಬೇಕು ಎಂದು ನಾವು ಹೇಳುವುದಿಲ್ಲ, ಕಲಿಯುತ್ತಾ ಅದೇ ಕಂಡುಕೊಳ್ಳುತ್ತದೆ. ಆಮೇಲಿನ ಪದರಗಳು ಎಲ್ಲ ಕೂಗುಗಳನ್ನೂ ಒಟ್ಟು ಸೇರಿಸಿ ಮೂರು ಅಂಕಿ ಹೊರಗೆ ಕೊಡುತ್ತವೆ.

ನಿನಗೆ ಆರೂವರೆ ಲಕ್ಷ ಬೇಡ. ನಾನು ನಾಲ್ಕು ಸಾವಿರ ದೈತ್ಯ ನಕ್ಷತ್ರ ತೆಗೆದುಕೊಂಡೆ. ಮೂರು ಸಾವಿರ ಕಲಿಸಲಿಕ್ಕೆ, ಒಂದು ಸಾವಿರ ಬಚ್ಚಿಡಲಿಕ್ಕೆ. ಬಚ್ಚಿಡುವುದನ್ನು ಮಾತ್ರ ಮರೆಯಬೇಡ. ಪಾಠದಲ್ಲಿ ಬಿಡಿಸಿದ ಲೆಕ್ಕವನ್ನೇ ಪರೀಕ್ಷೆಗೆ ಕೊಟ್ಟರೆ ಎಲ್ಲರೂ ನೂರಕ್ಕೆ ನೂರು ತೆಗೆಯುತ್ತಾರೆ. ಮೊದಲ ಸುತ್ತಿನಲ್ಲಿ ನನ್ನದು ಎಲ್ಲ ನಕ್ಷತ್ರಕ್ಕೂ ಒಂದೇ ಬಿಸಿ ಹೇಳಿತು, ಬರೀ ಸರಾಸರಿ. ನಲವತ್ತನೇ ಸುತ್ತಿನ ಹೊತ್ತಿಗೆ ಬಚ್ಚಿಟ್ಟ ನಕ್ಷತ್ರಗಳಲ್ಲಿ ತಪ್ಪು 70 ಕೆಲ್ವಿನ್‌ಗೆ ಇಳಿದಿತ್ತು. ರಾತ್ರಿ ಹನ್ನೊಂದೂವರೆ. ಮನೆಯಲ್ಲಿ ಎಲ್ಲರೂ ಮಲಗಿದ್ದರು. ಎಬ್ಬಿಸಿ ಹೇಳೋಣ ಎನ್ನುವಷ್ಟು ಖುಷಿಯಾಗಿತ್ತು ನನಗೆ.

ಇನ್ನೊಂದು ವಿಷಯ ನಿನಗೆ ಗೊತ್ತಿರಲಿ. ಇದು ನಿನ್ನೆ ಮೊನ್ನೆ ಶುರುವಾದದ್ದಲ್ಲ. ನ್ಯೂರಲ್ ನೆಟ್‌ವರ್ಕ್‌ನಿಂದ ನಕ್ಷತ್ರಗಳ ವರ್ಣಪಟಲ ವಿಂಗಡಿಸುವ ಕೆಲಸವನ್ನು ಪುಣೆಯ ಐಯುಕಾ ಎಂಬ ಖಗೋಳ ಸಂಶೋಧನಾ ಸಂಸ್ಥೆಯವರು 1994ರಲ್ಲೇ ಪ್ರಕಟಿಸಿದ್ದರು. ನೀನು ಹುಟ್ಟುವ ಎಷ್ಟೋ ಮೊದಲು.

ಪ್ರಶ್ನೆ: ಇಷ್ಟೆಲ್ಲ ನಂಬುತ್ತೀರಲ್ಲ, ಯಂತ್ರ ತಪ್ಪು ಹೇಳಲ್ವಾ? ಹೇಳಿದರೆ ನಿಮಗೆ ಗೊತ್ತಾಗೋದು ಹೇಗೆ?
(ಪ್ರೌಢಶಾಲೆ ಶಿಕ್ಷಕರು, ಬೇಲೂರು)

ಸರ್, ಬಂದ ಕಾಗದಗಳಲ್ಲಿ ನಿಮ್ಮದೇ ಬಹಳ ಮುಖ್ಯವಾದ ಪ್ರಶ್ನೆ. ತಪ್ಪು ಹೇಳುತ್ತದೆ. ತಪ್ಪು ಹೇಳುವಾಗಲೂ ಗಟ್ಟಿ ದನಿಯಲ್ಲೇ ಹೇಳುತ್ತದೆ. ಭಯ ಇರುವುದು ಅಲ್ಲೇ.

ಒಂದು ಘಟನೆ ಹೇಳುತ್ತೇನೆ. ಕೆಲವು ವರ್ಷದ ಹಿಂದೆ ನಮ್ಮ ತಮ್ಮ ಹನ್ನೆರಡು ಮೂಟೆ ರೋಬಸ್ಟ ಚೆರಿ (ಹಣ್ಣಿನ ಸಮೇತ ಒಣಗಿಸಿದ ಕಾಫಿ) ತೆಗೆದುಕೊಂಡು ಒಂದು ಗೋದಾಮಿಗೆ ಹೋದ. ನಾನೂ ಜೊತೆಗಿದ್ದೆ. ಅಲ್ಲಿಯ ಹುಡುಗ ಮಾಯಿಶ್ಚರ್ ಮೀಟರಿಗೆ ಒಂದು ಬೊಗಸೆ ಸುರಿದ. ತೇವ ಜಾಸ್ತಿ ತೋರಿಸಿತು. ರೇಟು ಇಳಿಸಿದರು. ತಮ್ಮ ಒಂದು ಕಾಳು ಒಡೆದು ಕಚ್ಚಿ ನೋಡಿ, "ಇಲ್ಲ ಅಕ್ಕ, ಇದು ಒಣಗಿದೆ" ಅಂದ. ನಾನು ಮೀಟರಿನ ಮುಖ ನೋಡಿದೆ. ಕಾಫಿಯ ಬಗೆ ಆರಿಸುವ ಗುಂಡಿ ಅರೇಬಿಕ ಪಾರ್ಚ್‌ಮೆಂಟಿನ ಮೇಲೆ ನಿಂತಿತ್ತು. ಬೆಳಗಿನಿಂದ ಅದೇ ಅಳೆಯುತ್ತಿದ್ದರಂತೆ, ಬದಲಾಯಿಸಿರಲಿಲ್ಲ. ಮೀಟರು ಕೆಟ್ಟಿರಲಿಲ್ಲ. ತನಗೆ ಕಲಿಸಿದ ಕಾಳಿಗೆ ಸರಿಯಾದ ಉತ್ತರವನ್ನು ಬೇರೆ ಕಾಳಿಗೆ ಹೇಳುತ್ತಿತ್ತು. ಗುಂಡಿ ತಿರುಗಿಸಿ ಅಳೆದ ಮೇಲೆ ಸರಿಹೋಯಿತು. ನಮಗಿಂತ ಮುಂಚೆ ಬಂದು ಹೋದವರಿಗೆ ಎಷ್ಟು ನಷ್ಟವಾಯಿತೋ ಎಂದು ನನಗೆ ಇವತ್ತಿಗೂ ಸಂಕಟ.

ನನ್ನ ನೆಟ್‌ವರ್ಕ್‌ನಲ್ಲೂ ಇದೇ ಆಯಿತು. ನಾನು ಕಲಿಸಿದ್ದು ದೈತ್ಯ ನಕ್ಷತ್ರಗಳನ್ನು ಮಾತ್ರ, 4,000ದಿಂದ 5,200 ಕೆಲ್ವಿನ್ ಒಳಗಿನವು. ಅಪೋಜೀಯವರು ನಮ್ಮ ಭೂಮಿಯ ಗಾಳಿಯ ಗೆರೆಗಳನ್ನು ಕಳೆಯಲಿಕ್ಕೆ ಅಂತಲೇ ಕೆಲವು ತುಂಬಾ ಬಿಸಿಯಾದ ನಕ್ಷತ್ರಗಳನ್ನೂ ನೋಡಿಟ್ಟಿರುತ್ತಾರೆ. ಅಂಥದ್ದೊಂದನ್ನು ಸುಮ್ನೆ ಕೊಟ್ಟು ನೋಡಿದೆ. 5,130 ಕೆಲ್ವಿನ್ ಎಂದು ಹೇಳಿತು. ಗ್ರಾಫ್ ತೆರೆದು ನೋಡಿದರೆ ಕಬ್ಬಿಣದ ಚೂಪು ಗುಂಡಿ ಒಂದೂ ಇಲ್ಲ. ಬೋಗುಣಿಯ ಹಾಗೆ ಅಗಲ ಅಗಲ ಹೈಡ್ರೋಜನ್ ಗೆರೆಗಳು ಮಾತ್ರ. ಪಿಯು ಓದಿದ ಹುಡುಗ ಕೂಡ "ಇದು ತುಂಬಾ ಬಿಸಿ ನಕ್ಷತ್ರ" ಎಂದು ಹೇಳಬಹುದಾದದ್ದು. ನೆಟ್‌ವರ್ಕ್ ಅಂಥದ್ದನ್ನು ನೋಡಿಯೇ ಇರಲಿಲ್ಲ. "ಗೊತ್ತಿಲ್ಲ" ಎನ್ನಲು ನಾನು ಕಲಿಸಿಯೂ ಇರಲಿಲ್ಲ. ತನಗೆ ಗೊತ್ತಿದ್ದ ಮಿತಿಯ ಅಂಚಿಗೆ ಹೋಗಿ ನಿಂತುಬಿಟ್ಟಿತು.

ಇದಕ್ಕೆ ಒಂದು ಉಪಾಯ ಇದೆ. ನೆಟ್‌ವರ್ಕ್‌ನೊಳಗಿನ ಕೆಲವು ತಂತಿಗಳನ್ನು ಚೀಟಿ ಎತ್ತಿದ ಹಾಗೆ ಆರಿಸಿ ಕಳಚಿ, ಅದೇ ಪ್ರಶ್ನೆಯನ್ನು ನೂರು ಸಲ ಕೇಳುವುದು. ಪ್ರತಿ ಸಲ ಬೇರೆ ಬೇರೆ ತಂತಿ. ಉತ್ತರಗಳು ಹತ್ತಿರ ಹತ್ತಿರ ಬಂದರೆ ಸ್ವಲ್ಪ ನಂಬಬಹುದು. ಚೆಲ್ಲಾಪಿಲ್ಲಿಯಾದರೆ ಅನುಮಾನಿಸಬೇಕು. ನಾನು ಹಾಗೆ ಮಾಡಿದಾಗ ಮಾಮೂಲಿ ದೈತ್ಯಗಳಿಗೆ ಉತ್ತರಗಳು ಒಂದೇ ಕಡೆ ಗುಂಪಾದವು. ಆ ಬಿಸಿ ನಕ್ಷತ್ರಕ್ಕೆ ಎಂಟುನೂರು ಕೆಲ್ವಿನ್ ಅಗಲಕ್ಕೆ ಚೆದುರಿದವು. ಆದರೆ ಪ್ರತಿ ಸಲವೂ ಹೀಗೆ ಸಿಕ್ಕಿಬೀಳುತ್ತದೆ ಎಂದು ನೆಚ್ಚಿಕೊಳ್ಳುವ ಹಾಗಿಲ್ಲ.

ಇನ್ನೊಂದು ಥರದ ತಪ್ಪು ಇನ್ನೂ ನಾಜೂಕು. ನಮ್ಮ ಆಕಾಶಗಂಗೆಯಲ್ಲಿ ಕಬ್ಬಿಣ ಜಾಸ್ತಿ ಇರುವ ನಕ್ಷತ್ರದಲ್ಲಿ ಸಾಮಾನ್ಯವಾಗಿ ಮೆಗ್ನೀಸಿಯಂ ಕೂಡ ಜಾಸ್ತಿ. ನೆಟ್‌ವರ್ಕ್ ಈ ಜೋಡಿಯನ್ನು ಗಮನಿಸಿಬಿಡುತ್ತದೆ. ಮೆಗ್ನೀಸಿಯಂ ಎಷ್ಟು ಎಂದು ಕೇಳಿದರೆ ಅದರ ಗೆರೆ ನೋಡದೆ ಕಬ್ಬಿಣದ ಗೆರೆ ನೋಡಿ ಉತ್ತರ ಕೊಡಬಹುದು. ನೂರಕ್ಕೆ ತೊಂಬತ್ತು ಸಲ ಸರಿಯಾಗಿಯೂ ಇರುತ್ತದೆ. ಆದರೆ ಕಬ್ಬಿಣ ಕಡಿಮೆ, ಮೆಗ್ನೀಸಿಯಂ ವಿಪರೀತ ಇರುವ ವಿಚಿತ್ರ ನಕ್ಷತ್ರ ಬಂದರೆ ಕೈ ಕೊಡುತ್ತದೆ. ನಾವು ಹುಡುಕುತ್ತಿರುವುದು ಅಂಥ ವಿಚಿತ್ರಗಳನ್ನೇ ಅಲ್ವಾ? ಅದಕ್ಕೆ, ಯಾವ ಅಂಕಿ ಬದಲಾದರೆ ಉತ್ತರ ಬದಲಾಗುತ್ತದೆ ಎಂದು ಒಂದೊಂದಾಗಿ ಪರೀಕ್ಷಿಸಬೇಕು. ಮೆಗ್ನೀಸಿಯಂ ಉತ್ತರ ಮೆಗ್ನೀಸಿಯಂ ಗೆರೆಯ ಜಾಗದಿಂದಲೇ ಬರಬೇಕು. ತರಗತಿಯಲ್ಲಿ ನಾವು "ಉತ್ತರ ಸರಿ, ದಾರಿ ತೋರಿಸು" ಎನ್ನುವುದಿಲ್ಲವೇ, ಹಾಗೆ.

ಕೊನೆಗೆ ಉಳಿಯುವ ಪ್ರಶ್ನೆ, ಕಲಿಸುವಾಗ ಕೊಟ್ಟ "ಸರಿಯುತ್ತರ" ಎಲ್ಲಿಂದ ಬಂತು? ಮೀಟರು ಸರಿಯಿದೆಯೋ ನೋಡಬೇಕಾದರೆ ಕಾಳನ್ನು ತೂಕ ಮಾಡಿ, ಓವನ್ನಿನಲ್ಲಿ ಪೂರ್ತಿ ಒಣಗಿಸಿ, ಮತ್ತೆ ತೂಗುತ್ತಾರೆ. ಎಷ್ಟು ತೂಕ ಹೋಯಿತೋ ಅಷ್ಟು ನೀರು. ಅಲ್ಲಿ ಊಹೆಗೆ ಜಾಗವಿಲ್ಲ. ನಕ್ಷತ್ರಗಳಿಗೂ ಅಂಥ ಓವನ್ ಅಳತೆಗಳು ಕೆಲವಿವೆ. ಹತ್ತಿರದ ಕೆಲವು ನಕ್ಷತ್ರಗಳ ಅಗಲವನ್ನು ಹಲವು ದೂರದರ್ಶಕ ಜೋಡಿಸಿ ನೇರವಾಗಿ ಅಳೆದಿದ್ದಾರೆ. ಅಗಲ ಮತ್ತು ಒಟ್ಟು ಬೆಳಕು ಗೊತ್ತಾದರೆ ಬಿಸಿ ಲೆಕ್ಕಕ್ಕೆ ಸಿಗುತ್ತದೆ. ದೈತ್ಯಗಳು ಗಂಟೆಯ ಹಾಗೆ ಅದುರುತ್ತವೆ. ಕೆಪ್ಲರ್ ಎಂಬ ಬಾಹ್ಯಾಕಾಶ ದೂರದರ್ಶಕ ಆ ಅದುರುವಿಕೆಯನ್ನು ಹಿಡಿದದ್ದರಿಂದ ಗುರುತ್ವ ತುಂಬಾ ನಿಖರವಾಗಿ ಸಿಕ್ಕಿದೆ. ಕೃತ್ತಿಕೆಯಂಥ ಗುಂಪಿನ ನಕ್ಷತ್ರಗಳು ಒಂದೇ ಮೋಡದಿಂದ ಒಟ್ಟಿಗೆ ಹುಟ್ಟಿದವು. ಹಾಗಾಗಿ ಗುಂಪಿನ ಎಲ್ಲದಕ್ಕೂ ಲೋಹಾಂಶ ಹೆಚ್ಚುಕಡಿಮೆ ಒಂದೇ ಬರಬೇಕು. ಬರದಿದ್ದರೆ ನೆಟ್‌ವರ್ಕ್ ತಪ್ಪಿದೆ ಎಂದೇ ಅರ್ಥ.

2015ರಲ್ಲಿ ದಿ ಕ್ಯಾನನ್ ಎಂಬ ವಿಧಾನ ಬಂತು. ಅದು ನ್ಯೂರಲ್ ನೆಟ್‌ವರ್ಕ್ ಅಲ್ಲ, ಆದರೆ ಉದಾಹರಣೆಗಳಿಂದಲೇ ಕಲಿಯುತ್ತದೆ. 19 ಗುಂಪುಗಳ 542 ನಕ್ಷತ್ರಗಳಿಂದ ಕಲಿತು ಸುಮಾರು 55,000 ನಕ್ಷತ್ರಗಳಿಗೆ ಉತ್ತರ ಹೇಳಿತು. ಕಡಿಮೆ ಉದಾಹರಣೆ, ಆದರೆ ಆರಿಸಿ ಇಟ್ಟವು. 2019ರಲ್ಲಿ ಬಂದ ದಿ ಪೇನ್ ಬೇರೆ ದಾರಿ ಹಿಡಿಯಿತು. ಭೌತಶಾಸ್ತ್ರದ ಲೆಕ್ಕದಿಂದ ತಯಾರಿಸಿದ ವರ್ಣಪಟಲಗಳನ್ನು ನೆಟ್‌ವರ್ಕ್‌ಗೆ ಕಲಿಸಿ, ಅದರಿಂದ ನಿಜವಾದವನ್ನು ಅಳೆಯಿತು. ನನ್ನ ಮನಸ್ಸು ಎರಡನೆಯದರ ಕಡೆಗೇ ವಾಲುತ್ತದೆ. ಉತ್ತರ ತಪ್ಪಾದಾಗ ಯಾವ ಲೆಕ್ಕದಲ್ಲಿ ತಪ್ಪಿದೆವು ಎಂದು ಹುಡುಕಿಕೊಂಡು ಹಿಂದೆ ಹೋಗಬಹುದು.

ಪ್ರಶ್ನೆ: ನಮ್ಮ ಹಾಸನದ ಇಸ್ರೋ ಕೇಂದ್ರದ ದೊಡ್ಡ ತಟ್ಟೆಗಳಿಂದ ನಕ್ಷತ್ರ ನೋಡ್ತಾರಾ?
(ಆಟೊ ಚಾಲಕರು, ಹಾಸನ)

ಇಲ್ಲ ಅಣ್ಣ. ಅದು ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ. ನಮ್ಮ ಟಿವಿ, ಹವಾಮಾನ ಉಪಗ್ರಹಗಳನ್ನು ಅಲ್ಲಿಂದ ನೋಡಿಕೊಳ್ಳುತ್ತಾರೆ. ನಕ್ಷತ್ರದ ವರ್ಣಪಟಲ ಬೇಕಾದರೆ ತಮಿಳುನಾಡಿನ ಕಾವಲೂರಿಗೋ ಲಡಾಖಿನ ಹಾನ್ಲೆಗೋ ಹೋಗಬೇಕು. ಹಾನ್ಲೆಯ ಎರಡು ಮೀಟರ್ ದೂರದರ್ಶಕವನ್ನು ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ ಕೂತೇ ತಿರುಗಿಸುತ್ತಾರೆ, ಉಪಗ್ರಹದ ಸಂಪರ್ಕದಿಂದ.

ಪ್ರಶ್ನೆ: ಮಿಸ್, ಆರಿದ್ರಾ ನಕ್ಷತ್ರ ಸಿಡಿಯುತ್ತಂತೆ. ಯಾವತ್ತು ಅಂತ ಕಂಪ್ಯೂಟರ್ ಹೇಳುತ್ತಾ?
(ಎಂಟನೇ ತರಗತಿ, ಹಳೇಬೀಡು)

ಸಿಡಿಯುತ್ತದೆ ಪುಟ್ಟಿ, ಆದರೆ ದಿನ ಹೇಳಲು ಯಾವ ಕಂಪ್ಯೂಟರಿಗೂ ಆಗುವುದಿಲ್ಲ. ಒಂದು ಲಕ್ಷ ವರ್ಷದೊಳಗೆ ಎನ್ನುತ್ತಾರೆ. ನಕ್ಷತ್ರದ ಲೆಕ್ಕದಲ್ಲಿ ಅದು ನಾಳೆ ಎಂದ ಹಾಗೆ. 2019ರ ಕೊನೆಗೆ ಅದು ಇದ್ದಕ್ಕಿದ್ದಂತೆ ಮಂಕಾದಾಗ ಎಲ್ಲರೂ ಗಾಬರಿಯಾಗಿದ್ದರು. ತಾನೇ ಉಗುಳಿದ ಅನಿಲ ತಣ್ಣಗಾಗಿ ದೂಳಾಗಿ ಅಡ್ಡ ಬಂದಿತ್ತು, ಅಷ್ಟೇ. ಇನ್ನೊಂದು ಗೊತ್ತಾ? ಜೂನ್ ಕೊನೆಯಲ್ಲಿ ನಿಮ್ಮ ಅಜ್ಜ "ಆರಿದ್ರಾ ಮಳೆ ಹಿಡೀತು" ಎನ್ನುವ ದಿನಗಳಲ್ಲಿ ಆ ನಕ್ಷತ್ರ ರಾತ್ರಿ ಕಾಣುವುದೇ ಇಲ್ಲ. ಸೂರ್ಯ ಅದರ ದಿಕ್ಕಿನಲ್ಲೇ ಇರುತ್ತಾನೆ, ಹಗಲಲ್ಲೇ ಹುಟ್ಟಿ ಹಗಲಲ್ಲೇ ಮುಳುಗುತ್ತದೆ. ಮಳೆಗೆ ಆ ಹೆಸರು ಬಂದದ್ದೂ ಅದಕ್ಕೇ.

ಪ್ರಶ್ನೆ: ಅಷ್ಟು ನಕ್ಷತ್ರಗಳ ಬಿಸಿ ತಿಳಿದು ಏನಾಗಬೇಕು? ಮನುಷ್ಯರೇ ನಿಧಾನಕ್ಕೆ ಅಳೆದರೆ ಸಾಲದೇ?
(ನಿವೃತ್ತ ಗ್ರಂಥಪಾಲಕರು, ಸಕಲೇಶಪುರ)

ಮನುಷ್ಯರು ಅಳೆದಿದ್ದಾರೆ ಸರ್. ಹಾರ್ವರ್ಡ್‌ನಲ್ಲಿ ಆನಿ ಜಂಪ್ ಕ್ಯಾನನ್ ಎಂಬ ಮಹಾತಾಯಿ ಇದ್ದರು. ಮೇಲೆ ಹೇಳಿದ ದಿ ಕ್ಯಾನನ್ ವಿಧಾನಕ್ಕೆ ಇಟ್ಟದ್ದು ಅವರದೇ ಹೆಸರು. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ. ಗಾಜಿನ ಫಲಕಗಳ ಮೇಲೆ ಭೂತಗನ್ನಡಿ ಹಿಡಿದು ಜೀವಮಾನದಲ್ಲಿ ಸುಮಾರು ಮೂರೂವರೆ ಲಕ್ಷ ನಕ್ಷತ್ರಗಳನ್ನು ವಿಂಗಡಿಸಿದರು. ಪಳಗಿದ ಮೇಲೆ ನಿಮಿಷಕ್ಕೆ ಮೂರು. ಯಾವ ಯಂತ್ರದ ಮುಂದೆಯೂ ಆ ಕಣ್ಣಿಗೆ ನನ್ನ ನಮಸ್ಕಾರ.

ಆದರೆ ನಕ್ಷತ್ರಗಳನ್ನು ಅಳೆಯಲು ಯುರೋಪಿನವರು ಕಳಿಸಿದ್ದ ಗಯಾ ನೌಕೆ 2022ರ ಜೂನ್‌ನಲ್ಲಿ ಒಂದೇ ಸಲಕ್ಕೆ ಸುಮಾರು 22 ಕೋಟಿ ವರ್ಣಪಟಲಗಳನ್ನು ಕೊಟ್ಟಿತು. ಕ್ಯಾನನ್ ಅವರ ವೇಗದಲ್ಲಿ ಹಗಲು ರಾತ್ರಿ ನಿದ್ದೆಯಿಲ್ಲದೆ ನೋಡಿದರೂ 139 ವರ್ಷ ಬೇಕು. ಇಷ್ಟು ಯಾಕೆ ಬೇಕು ಎಂದರೆ, ಲೋಹಾಂಶ ಎನ್ನುವುದು ಒಂದು ರೀತಿ ನಕ್ಷತ್ರದ ಜಾತಕ. ಹಳೆಯ ಕಾಲದಲ್ಲಿ ಹುಟ್ಟಿದವಕ್ಕೆ ಲೋಹ ಕಡಿಮೆ, ಯಾಕೆಂದರೆ ಲೋಹ ತಯಾರಿಸುವ ನಕ್ಷತ್ರಗಳು ಆಗ ಇನ್ನೂ ಹೆಚ್ಚು ಆಗಿಹೋಗಿರಲಿಲ್ಲ. ಕೋಟಿಗಟ್ಟಲೆ ನಕ್ಷತ್ರಗಳ ಲೋಹಾಂಶವನ್ನೂ ಚಲನೆಯನ್ನೂ ಪಕ್ಕ ಪಕ್ಕ ಇಟ್ಟರೆ, ಯಾವುವು ಇಲ್ಲೇ ಹುಟ್ಟಿದವು, ಯಾವುವು ಹೊರಗಿಂದ ಬಂದು ಸೇರಿದವು ಎಂದು ಬಿಡಿಸಬಹುದು. 2018ರಲ್ಲಿ ಹಾಗೇ ಒಂದು ಸಂಗತಿ ಬಯಲಾಯಿತು. ಸುಮಾರು ಸಾವಿರ ಕೋಟಿ ವರ್ಷದ ಹಿಂದೆ ಇನ್ನೊಂದು ಸಣ್ಣ ನಕ್ಷತ್ರಮಂಡಲ ಬಂದು ನಮ್ಮ ಆಕಾಶಗಂಗೆಯಲ್ಲಿ ಕರಗಿಹೋಗಿದೆ. ಅದರ ನಕ್ಷತ್ರಗಳು ಇವತ್ತಿಗೂ ನಮ್ಮ ನಡುವೆ ಓಡಾಡುತ್ತಿವೆ. ಗ್ರಹ ಹುಡುಕುವವರಿಗೂ ಇದು ಬೇಕು. ನಕ್ಷತ್ರದ ಅಗಲ ತಪ್ಪಿದರೆ ಅದರ ಮುಂದೆ ಹಾದುಹೋಗುವ ಗ್ರಹದ ಅಗಲವೂ ತಪ್ಪುತ್ತದೆ.

ಪ್ರಶ್ನೆ: ನಾನು ಮನೆಯಲ್ಲಿರೋಳು. ಕಂಪ್ಯೂಟರ್ ಬರಲ್ಲ, ದೂರದರ್ಶಕ ಇಲ್ಲ. ನನಗೂ ಏನಾದರೂ ನೋಡೋಕಾಗುತ್ತಾ?
(ಗೃಹಿಣಿ, ಚಿಕ್ಕಮಗಳೂರು)

ಆಗುತ್ತದಮ್ಮ, ಎರಡು ಕೆಲಸ ಹೇಳುತ್ತೇನೆ. ಜನವರಿ ಮಧ್ಯದಲ್ಲಿ ರಾತ್ರಿ ಎಂಟು ಗಂಟೆಗೆ ಮಾಳಿಗೆ ಹತ್ತಿ ಪೂರ್ವಕ್ಕೆ ಮುಖ ಮಾಡಿ. ಸ್ವೆಟರ್ ಹಾಕಿಕೊಳ್ಳಿ, ನಿಮ್ಮೂರಿನ ಚಳಿ ನನಗೆ ಗೊತ್ತು. ಅರ್ಧ ಆಕಾಶದ ಎತ್ತರದಲ್ಲಿ ಮೂರು ನಕ್ಷತ್ರ ಒಂದೇ ಸಾಲಿನಲ್ಲಿ ಕಾಣುತ್ತವೆ, ಅದು ಮಹಾವ್ಯಾಧನ ಸೊಂಟಪಟ್ಟಿ. ಅದರ ಎಡಕ್ಕೆ ಕೆಂಪಗಿರುವುದು ಆರಿದ್ರಾ. ಬಲಕ್ಕೆ ನೀಲಿ ಬಿಳುಪಿನದು ರೈಜೆಲ್, ಸುಮಾರು 12,000 ಕೆಲ್ವಿನ್. ಒಂದರಿಂದ ಇನ್ನೊಂದಕ್ಕೆ ಕಣ್ಣು ಹೊರಳಿಸಿ, ಐದಾರು ಸಲ. ಮೊದಲು ಎರಡೂ ಬಿಳಿ ಎನಿಸಿದರೂ ಸ್ವಲ್ಪ ಹೊತ್ತಿಗೆ ಬಣ್ಣ ಬೇರೆಯಾಗುತ್ತದೆ.

ಎರಡನೆಯದು ಮನೆಯೊಳಗೆ. ಹಳೆಯ ಸಿಡಿ ಒಂದಿದ್ದರೆ ಸಾಕು. ಒಂದು ರಟ್ಟಿನ ಪೆಟ್ಟಿಗೆಯ ಒಂದು ಬದಿಯಲ್ಲಿ ಕೂದಲೆಳೆಯಷ್ಟು ಸಣ್ಣ ಸೀಳು ಮಾಡಿ. ಎದುರು ಬದಿಗೆ ಸಿಡಿಯನ್ನು ಓರೆಯಾಗಿ ಅಂಟಿಸಿ, ಮೇಲೆ ಕಣ್ಣಿಡಲು ಒಂದು ತೂತು. ಸೂರ್ಯನ ಕಡೆಗೆ ಮಾತ್ರ ಯಾವ ಕಾರಣಕ್ಕೂ ತಿರುಗಿಸಬೇಡಿ. ಸೀಳನ್ನು ಎಲ್‌ಇಡಿ ಬಲ್ಬಿಗೆ ಹಿಡಿದರೆ ನೀಲಿಯಿಂದ ಕೆಂಪಿನವರೆಗೆ ಬಿಡುವಿಲ್ಲದ ಪಟ್ಟಿ ಕಾಣುತ್ತದೆ. ಆಮೇಲೆ ಅಡುಗೆಮನೆಯ ಹಳೆ ಟ್ಯೂಬ್‌ಲೈಟಿಗೆ ಹಿಡಿಯಿರಿ. ಅಲ್ಲಿ ಪಟ್ಟಿಯ ನಡುವೆ ಒಂದು ಹಸಿರು ಗೆರೆ ಬೇರೆಯಾಗಿ, ಚೂಪಾಗಿ ಎದ್ದು ಕಾಣುತ್ತದೆ. ಅದು ಟ್ಯೂಬಿನೊಳಗಿರುವ ಪಾದರಸದ ಗೆರೆ. ಕಂಡ ಮೇಲೆ ನನಗೊಂದು ಕಾಗದ ಬರೆಯಿರಿ.